ಊರಿಗೆ ಊರನ್ನೇ ವಿಚಾರಿಸಿದ ಜಮೀನ್ದಾರ

(ನಮ್ಮೂರ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಮಾತುಕತೆಯಲ್ಲಿ ಹೇಳಿದ್ದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಟೀಚರ್ ಆದವರಿಗೆ ಜನಗಣತಿ ಕೆಲಸ ತಪ್ಪಿದ್ದಲ್ಲ. 2011ರ ಜನಗಣತಿಗೆ ನಾನೂ ಫಾರಂ ಕಟ್ಟು ಹಿಡಿದು ಮನೆಮನೆ ಅಲೆದವಳು. ಮೊದಲ ಸುತ್ತು ಮನೆಪಟ್ಟಿ, ಅದಕ್ಕೆ 35 ಪ್ರಶ್ನೆ. ಎರಡನೇ ಸುತ್ತು ಜನರ ಎಣಿಕೆ, ಅದಕ್ಕೆ 29. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ನೀರು ಎಲ್ಲಿಂದ ತರ್ತೀರಿ, ಒಲೆಗೆ ಏನು ಉರಿಸ್ತೀರಿ, ಯಾರು ಎಷ್ಟು ಓದಿದಾರೆ. ಒಂದು ಮನೆಯಲ್ಲಿ ಒಬ್ಬರು ಅಜ್ಜಿ ಎಲ್ಲಕ್ಕೂ ಉತ್ತರ ಕೊಟ್ಟರು. ನಾನು ಫಾರಂ ಮಡಿಸಿ ಎದ್ದೆ. "ಕೂತ್ಕೋ ತಾಯಿ, ಇನ್ನೂ ಹೇಳೋದಿದೆ" ಅಂದರು. ಕೂತೆ. ಅರ್ಧ ಗಂಟೆ ಹೇಳಿದರು. ಮಗನ ವಿಷಯ, ಸೊಸೆಯ ವಿಷಯ, ಬತ್ತಿಹೋದ ಬಾವಿಯ ವಿಷಯ. ಅದನ್ನೆಲ್ಲ ಬರೆದುಕೊಳ್ಳಲು ನನ್ನ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ.

ಇದಾಗಿ ಎಷ್ಟೋ ವರ್ಷದ ಮೇಲೆ ಇನ್ನೊಂದು ಪ್ರಶ್ನೆಪಟ್ಟಿ ನನ್ನ ಕಣ್ಣಿಗೆ ಬಿತ್ತು. ಅದು 1790ರದ್ದು. ಸ್ಕಾಟ್ಲೆಂಡಿನ ಮೂಲೆಮೂಲೆಗೂ ಕಳಿಸಿದ್ದು. ಅದರಲ್ಲಿ ಹೀಗೊಂದು ಪ್ರಶ್ನೆ ಇತ್ತು: ನಿಮ್ಮ ಕಡೆಯ ಜನ ಒಟ್ಟಾರೆ ನೋಡಿದರೆ ತಕ್ಕಮಟ್ಟಿಗೆ ಸುಖವಾಗಿದ್ದಾರಾ? ತಮ್ಮ ಸ್ಥಿತಿಯ ಬಗ್ಗೆ ಅವರಿಗೆ ಸಮಾಧಾನ ಇದೆಯಾ? ಅದರ ಜೊತೆಗೆ ಇನ್ನೊಂದು: ಅವರ ಸ್ಥಿತಿ ಇನ್ನೂ ಚೆನ್ನಾಗಲು ಏನಾದರೂ ದಾರಿ ಇದೆಯಾ?

ಅಜ್ಜಿಗೆ ಬೇಕಿದ್ದ ಕಾಲಂ ಇದೇ ಅಲ್ವಾ ಅನ್ನಿಸಿತು. ಈ ಪ್ರಶ್ನೆ ಕೇಳಿದವನು ಯಾರು ಅಂತ ಹುಡುಕುತ್ತಾ ಹೋದೆ. ಅವನೊಬ್ಬ ಜಮೀನ್ದಾರ. ಹೆಸರು ಸರ್ ಜಾನ್ ಸಿಂಕ್ಲೇರ್. ಅವನ ಬದುಕಿನ ಒಳಗೆ ಇಳಿದಷ್ಟೂ ನನಗೆ ಒಂದು ಕಡೆ ಪ್ರೀತಿ, ಇನ್ನೊಂದು ಕಡೆ ಸಂಕಟ ಜಾಸ್ತಿಯಾಯಿತು. ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಊರು. ಬ್ರಿಟನ್ನಿನ ನಕ್ಷೆ ತೆಗೆದು ಬೆರಳನ್ನು ಮೇಲೆ ಮೇಲೆ ಸರಿಸಿಕೊಂಡು ಹೋಗಿ. ನೆಲ ಮುಗಿದು ಸಮುದ್ರ ಶುರುವಾಗುವ ತುದಿಯಲ್ಲಿ ಕೇತ್ನೆಸ್ ಅಂತ ಒಂದು ಜಿಲ್ಲೆ. ಅಲ್ಲಿನ ಥರ್ಸೋ ಕೋಟೆಮನೆಯಲ್ಲಿ 1754ರ ಮೇ 10ರಂದು ಸಿಂಕ್ಲೇರ್ ಹುಟ್ಟಿದ. ಕೇತ್ನೆಸ್ ನಾವು ಚಿತ್ರಗಳಲ್ಲಿ ನೋಡುವ ಬೆಟ್ಟಗುಡ್ಡದ ಸ್ಕಾಟ್ಲೆಂಡ್ ಅಲ್ಲ. ಬಹುಪಾಲು ಬಯಲು. ಮರ ಕಮ್ಮಿ. ಗಾಳಿ ಮಾತ್ರ ಯಾವಾಗಲೂ. ನೆಲ ಅಗೆದರೆ ಕಪ್ಪನೆಯ ಪೀಟ್ ಸಿಗುತ್ತದೆ. ಸಾವಿರಾರು ವರ್ಷ ಕೊಳೆತು ಒತ್ತಿಕೊಂಡ ಪಾಚಿ, ಹುಲ್ಲು ಅದು. ಅದನ್ನೇ ಇಟ್ಟಿಗೆಯ ಹಾಗೆ ಕೊಯ್ದು ಒಣಗಿಸಿ ಒಲೆಗೆ ಹಾಕುತ್ತಿದ್ದರು.

ಹೊಲಗಳ ಕಥೆ ಕೇಳಿ. ಒಬ್ಬ ರೈತನ ಜಮೀನು ಒಂದೇ ಕಡೆ ಇರುತ್ತಿರಲಿಲ್ಲ. ಇಡೀ ಊರಿನ ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಹಂಚುತ್ತಿದ್ದರು. ನಿಮ್ಮ ಒಂದು ಪಟ್ಟಿ ಇಲ್ಲಿ, ಇನ್ನೊಂದು ಅಲ್ಲಿ, ನಡುವೆ ಪಕ್ಕದ ಮನೆಯವರದು. ಹಲವು ಕಡೆ ಈ ಪಟ್ಟಿಗಳು ಆಗಾಗ ಕೈ ಬದಲಾಗುತ್ತಿದ್ದವು. ಒಳ್ಳೆ ಮಣ್ಣು, ಕೆಟ್ಟ ಮಣ್ಣು ಎಲ್ಲರಿಗೂ ಸಮವಾಗಿ ಬರಲಿ ಅಂತ. ಅದರಲ್ಲಿ ಒಂದು ನ್ಯಾಯ ಇತ್ತು. ಆದರೆ ಮುಂದಿನ ಸಲ ಬೇರೆಯವರಿಗೆ ಹೋಗುವ ಪಟ್ಟಿಗೆ ಇವತ್ತು ಯಾರು ಬದು ಹಾಕುತ್ತಾರೆ, ಯಾರು ಬಸಿಗಾಲುವೆ ತೋಡುತ್ತಾರೆ? ಮನೆ ಹತ್ತಿರದ ನೆಲಕ್ಕೆ ಇದ್ದಬದ್ದ ಗೊಬ್ಬರ ಎಲ್ಲ ಸುರಿದು ವರ್ಷ ವರ್ಷವೂ ಓಟ್ಸ್, ಬಾರ್ಲಿ ಬೆಳೆಯುತ್ತಿದ್ದರು. ದೂರದ ನೆಲವನ್ನು ಸಾರ ತೀರುವ ತನಕ ಉತ್ತು ಆಮೇಲೆ ಬೀಳು ಬಿಡುತ್ತಿದ್ದರು. ಚಳಿಗಾಲಕ್ಕೆ ದನಗಳಿಗೆ ಮೇವು ಸಾಲುತ್ತಿರಲಿಲ್ಲ.

ಥಾಮಸ್ ಪೆನ್ನಂಟ್ ಎಂಬ ಪ್ರವಾಸಿ 1769ರಲ್ಲಿ ಕೇತ್ನೆಸ್‌ಗೆ ಬಂದಿದ್ದ. ಅವನು ಕಂಡ ನೋಟ ನನಗೆ ಮರೆಯಲಾಗದು. ಹೆಂಗಸರು ಬುಟ್ಟಿ ಬೆನ್ನಿಗೆ ಕಟ್ಟಿಕೊಂಡು ತಿಪ್ಪೆಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರಂತೆ. ಗಂಡಸರು ಕವಲುಗೋಲಿನಿಂದ ಎಷ್ಟು ಬೇಕೋ ಅಷ್ಟು ಗೊಬ್ಬರ ತುಂಬುತ್ತಿದ್ದರಂತೆ. ಆಮೇಲೆ ಅರವತ್ತು ಎಪ್ಪತ್ತು ಹೆಂಗಸರ ಸಾಲು ಹೊಲದ ಕಡೆ ನಡೆಯುತ್ತಿತ್ತಂತೆ. ಆ ಸೀಮೆಯ ಹೊರೆ ಹೊರುವ ಪ್ರಾಣಿ ಅಂದರೆ ಹೆಂಗಸೇ ಅಂತ ಅವನು ಬರೆದ. ನಮ್ಮಲ್ಲಿ ಗೊಬ್ಬರದ ಮಂಕರಿ ಹೊತ್ತು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆನ್ನಂಟ್ ಬಂದುಹೋದ ಮರುವರ್ಷ, 1770ರಲ್ಲಿ, ಸಿಂಕ್ಲೇರ್‌ನ ತಂದೆ ತೀರಿಹೋದರು. ಹುಡುಗನಿಗೆ 16 ವರ್ಷ. ಅಷ್ಟು ದೊಡ್ಡ ಜಹಗೀರು ಅವನ ಹೆಸರಿಗೆ ಬಂತು. ಆಡಳಿತ ನೋಡಿಕೊಂಡಿದ್ದು ತಾಯಿ, ಲೇಡಿ ಜಾನೆಟ್. ಆಕೆ ಪಕ್ಕದ ಸದರ್‌ಲ್ಯಾಂಡ್ ಜಿಲ್ಲೆಯ ಅರ್ಲ್ ಮನೆತನದ ಮಗಳು. ಆ ಸದರ್‌ಲ್ಯಾಂಡ್ ಹೆಸರನ್ನು ನೆನಪಿಟ್ಟುಕೊಂಡಿರಿ. ಮುಂದೆ ಬರುತ್ತದೆ.

ಹದಿನೆಂಟರ ವಯಸ್ಸಿನಲ್ಲಿ ಅವನು ಮಾಡಿದ ಮೊದಲ ದೊಡ್ಡ ಕೆಲಸ ಒಂದು ರಸ್ತೆ. ಬೆನ್ ಚೀಲ್ಟ್ ಅಂತ ಒಂದು ಗುಡ್ಡ. ಅದನ್ನು ದಾಟಲು ಇದ್ದದ್ದು ಕುರಿಹಾದಿ. ಕುದುರೆಯನ್ನು ಕೈಯಲ್ಲಿ ಹಿಡಿದು ನಡೆಸುವುದೂ ಕಷ್ಟ. ಅಲ್ಲಿ ರಸ್ತೆ ಆಗುವುದಿಲ್ಲ ಅಂತ ಊರವರು ಕೈಬಿಟ್ಟಿದ್ದರು. ಹುಡುಗ ಮೊದಲೇ ಗುಡ್ಡ ಹತ್ತಿ ಇಳಿದು ದಾರಿಗೆ ಗುರುತು ಹಾಕಿಸಿದ. ಸಲಿಕೆ, ಹಾರೆ, ಊಟ ಎಲ್ಲ ಅಲ್ಲಲ್ಲೇ ಸಿಗುವಂತೆ ಅಣಿ ಮಾಡಿದ. ಒಂದು ಬೆಳಗ್ಗೆ ಸುಮಾರು 1,260 ಜನರನ್ನು ಕರೆಸಿ ಗುಡ್ಡದ ಉದ್ದಕ್ಕೂ ನಿಲ್ಲಿಸಿದ. ಪ್ರತಿ ಗುಂಪಿಗೂ ಅದರದೇ ತುಂಡು. ಕತ್ತಲಾಗುವಷ್ಟರಲ್ಲಿ ಆರು ಮೈಲಿ ದಾರಿಯ ಮೇಲೆ ಗಾಡಿ ಹೋಗುವಂತಾಯಿತು. ಒಂದೇ ದಿನ.

ಈ ಕಥೆಯನ್ನು ಆ ಕಾಲದಿಂದಲೂ ಜನ ಬೆರಗಿನಿಂದ ಹೇಳುತ್ತಾರೆ. ನನಗೂ ಬೆರಗೇ. ಯೋಜನೆ ಅಂದರೆ ಹೀಗಿರಬೇಕು. ಆದರೆ ಆ 1,260 ಜನ ಯಾರು ಅಂತಲೂ ಕೇಳಬೇಕು. ಅಲ್ಲಿನ ಕಾನೂನಿನ ಪ್ರಕಾರ ಒಕ್ಕಲುಗಳು ವರ್ಷಕ್ಕೆ ಆರು ದಿನ ರಸ್ತೆಗೆ ಕೂಲಿಯಿಲ್ಲದೆ ದುಡಿಯಬೇಕಿತ್ತು. ನಮ್ಮ ಭಾಷೆಯಲ್ಲಿ ಅದಕ್ಕೆ ಬಿಟ್ಟಿ ಅನ್ನುತ್ತೇವೆ. ಬಂದವರು ಬರಲೇಬೇಕಾದ ಒಕ್ಕಲುಗಳು. ಆ ರಸ್ತೆಯಿಂದ ಅವರಿಗೂ ಒಳ್ಳೆಯದಾಯಿತು, ಸಂಶಯವಿಲ್ಲ. ಆದರೆ ರಸ್ತೆ ಎಲ್ಲಿ ಬೇಕು, ಬೇಕೋ ಬೇಡವೋ ಅಂತ ತೀರ್ಮಾನಿಸಿದವನು ಒಬ್ಬನೇ. ಸಿಂಕ್ಲೇರ್‌ನ ಬದುಕಿನಲ್ಲಿ ಈ ನಮೂನೆ ಮತ್ತೆ ಮತ್ತೆ ಕಾಣಿಸುತ್ತದೆ.

ಓದಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎಡಿನ್‌ಬರೋ, ಗ್ಲಾಸ್ಗೋ, ಆಕ್ಸ್‌ಫರ್ಡ್. ಕಾನೂನು ಕಲಿತ, ವಕೀಲಿಕೆ ಮಾಡಲಿಲ್ಲ. 1780ರಲ್ಲಿ ಕೇತ್ನೆಸ್‌ನಿಂದ ಪಾರ್ಲಿಮೆಂಟಿಗೆ ಹೋದ. ಅರ್ಥಶಾಸ್ತ್ರದ ಆಡಂ ಸ್ಮಿತ್ ಅವನಿಗೆ ಹಿರಿಯ ಗೆಳೆಯ. ಅಮೆರಿಕದ ಯುದ್ಧದಲ್ಲಿ ಬ್ರಿಟಿಷ್ ಸೇನೆ ಸರಟೋಗಾದಲ್ಲಿ ಶರಣಾದ ಸುದ್ದಿ ಬಂದಾಗ ಸಿಂಕ್ಲೇರ್ ಗಾಬರಿಯಾಗಿ, ದೇಶ ಹಾಳಾಗಿಹೋಯಿತು ಅಂದನಂತೆ. ಒಂದು ದೇಶ ಹಾಳಾಗುವುದು ಅಷ್ಟು ಸುಲಭವಲ್ಲ ತಮ್ಮಾ, ಅದರಲ್ಲಿ ಹಾಳಾಗಲು ಬೇಕಾದಷ್ಟು ಇರುತ್ತದೆ ಅನ್ನುವ ಅರ್ಥದಲ್ಲಿ ಸ್ಮಿತ್ ಸಮಾಧಾನ ಹೇಳಿದ. ಆ ಮಾತು ಈಗಲೂ ಅರ್ಥಶಾಸ್ತ್ರದವರ ಬಾಯಲ್ಲಿದೆ.

1785ರಲ್ಲಿ ಮೊದಲ ಹೆಂಡತಿ ಸಾರಾ ತೀರಿಹೋದಳು. ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಮರುವರ್ಷ ಅವನು ಉತ್ತರ ಯುರೋಪಿನ ದೊಡ್ಡ ಪ್ರವಾಸಕ್ಕೆ ಹೊರಟ. ಸ್ವೀಡನ್, ರಷ್ಯಾ, ಪೋಲೆಂಡ್, ಆಸ್ಟ್ರಿಯಾ, ಜರ್ಮನ್ ರಾಜ್ಯಗಳು. ರಷ್ಯಾದ ರಾಣಿ ಕ್ಯಾಥರೀನ್‌ಳನ್ನೂ ಕಂಡ. ಆ ಪ್ರವಾಸದಿಂದ ಅವನು ತಂದ ಒಂದು ಸಾಮಾನು ಇವತ್ತು ನಮ್ಮೆಲ್ಲರ ಮನೆಯಲ್ಲಿದೆ. ಅದೊಂದು ಪದ. ಸ್ಟ್ಯಾಟಿಸ್ಟಿಕ್ಸ್.

ಜರ್ಮನ್ ಪಂಡಿತರು ಆ ಪದವನ್ನು ರಾಜ್ಯದ ಬಲಾಬಲ ಅಳೆಯುವ ವಿದ್ಯೆಗೆ ಬಳಸುತ್ತಿದ್ದರು. ಸೈನ್ಯ ಎಷ್ಟು, ಬೊಕ್ಕಸ ಎಷ್ಟು, ಜನ ಎಷ್ಟು. ಸಿಂಕ್ಲೇರ್ ಪದವನ್ನು ತೆಗೆದುಕೊಂಡ, ಅರ್ಥವನ್ನು ಬದಲಾಯಿಸಿದ. ತಾನು ಆ ಪದದಿಂದ ಹೇಳುವುದು ಬೇರೆ ಅಂತ ಬರೆದ: ಒಂದು ನಾಡಿನ ಜನ ಎಷ್ಟು ಪ್ರಮಾಣದ ಸುಖ ಅನುಭವಿಸುತ್ತಿದ್ದಾರೆ, ಅದನ್ನು ಮುಂದೆ ಹೆಚ್ಚಿಸುವ ಬಗೆ ಯಾವುದು, ಇದನ್ನು ತಿಳಿಯುವುದೇ ಈ ವಿಚಾರಣೆ. ಹೊಸ ಪದವಾದ್ದರಿಂದ ಜನರ ಗಮನ ಸೆಳೆದೀತು ಅಂತಲೂ ಸೇರಿಸಿದ. ಇಂಗ್ಲಿಷಿನಲ್ಲಿ ಆ ಪದ ಊರಿದ್ದು ಅವನಿಂದಲೇ. ಅಂಕಿ ಅಂಶ ಅಂದರೆ ಬರೀ ಲೆಕ್ಕ ಅಂತ ನಾವು ಅಂದುಕೊಂಡಿದ್ದೇವೆ. ಈ ಪದವನ್ನು ಇಂಗ್ಲಿಷಿನಲ್ಲಿ ಊರಿಸಿದವನಿಗೆ ಅದು ಸುಖದ ಲೆಕ್ಕವಾಗಿತ್ತು. ನಾನು ಗಣಿತ ಕಲಿಸಿದವಳು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈಗ ಆ ಪ್ರಶ್ನೆಪಟ್ಟಿಗೆ ಬರೋಣ.

ಸ್ಕಾಟ್ಲೆಂಡ್ ಆಗ ಒಂಬೈನೂರಕ್ಕೂ ಜಾಸ್ತಿ ಪ್ಯಾರಿಷ್‌ಗಳಾಗಿ ಹಂಚಿಕೊಂಡಿತ್ತು. ಒಂದು ಚರ್ಚಿಗೆ ಸೇರಿದ ಊರುಗಳ ಗುಂಪೇ ಪ್ಯಾರಿಷ್. ನಮ್ಮ ಹೋಬಳಿ ಇದ್ದ ಹಾಗೆ ಅಂದುಕೊಳ್ಳಿ. ಪ್ರತಿ ಪ್ಯಾರಿಷ್‌ಗೂ ಒಬ್ಬ ಪಾದ್ರಿ. ಹುಟ್ಟು, ಮದುವೆ, ಸಾವು ಎಲ್ಲ ಅವನಿಗೆ ಗೊತ್ತು. ಓದಿದವನು, ಊರಿನಲ್ಲೇ ಇರುವವನು. ಸರ್ಕಾರದ ಬಳಿ ಇಂಥ ಕೆಲಸಕ್ಕೆ ಜನವೂ ಇರಲಿಲ್ಲ, ಹಣವೂ ಇರಲಿಲ್ಲ. ಸಿಂಕ್ಲೇರ್ 1790ರ ಮೇ ತಿಂಗಳಲ್ಲಿ ಎಲ್ಲ ಪಾದ್ರಿಗಳಿಗೂ ಪತ್ರ ಬರೆದ. ಜೊತೆಗೆ ಪ್ರಶ್ನೆಪಟ್ಟಿ. 160 ಪ್ರಶ್ನೆ, ಮೇಲೆ ಇನ್ನೂ 6.

ಮೊದಲ ಪ್ರಶ್ನೆ ಊರಿನ ಹೆಸರಿನದು. ಹಿಂದಿನ ಹೆಸರೇನು, ಈಗಿನ ಹೆಸರೇನು. ಅಲ್ಲಿಂದ ನೆಲ, ನೀರು, ಗಾಳಿ, ರೋಗ, ಮೀನು. ನೂರರ ತನಕ ಜನರ ಬಗ್ಗೆ. ಎಷ್ಟು ಜನ, ಮೊದಲಿಗಿಂತ ಹೆಚ್ಚಿದರೋ ಕಮ್ಮಿಯಾದರೋ, ಊರು ಬಿಟ್ಟು ಹೋದವರು ಎಷ್ಟು. ಆಮೇಲೆ ಬೆಳೆ, ಬೀಜ, ದನ, ಗೇಣಿ, ಕೂಲಿ, ಶಾಲೆ, ಬಡವರಿಗೆ ಸಿಗುವ ನೆರವು, ಜನರ ನಡತೆ. ಕೊನೆ ಕೊನೆಗೆ, ಅವರಿಗೆ ಸಮಾಧಾನ ಇದೆಯಾ.

ಪತ್ರ ಬಂದ ತಕ್ಷಣ ಎಲ್ಲರೂ ಪೆನ್ನು ಹಿಡಿದು ಕೂತರು ಅಂದುಕೊಳ್ಳಬೇಡಿ. ನಾವು ಜನಗಣತಿಗೆ ಹೋದಾಗ ಜನ ಏನು ಕೇಳುತ್ತಿದ್ದರು? ಇದನ್ನೆಲ್ಲ ಬರ್ಕೊಂಡು ರೇಷನ್ ಕಾರ್ಡ್ ಕಿತ್ಕೊಳ್ತೀರಾ ಅಂತ. ಅಲ್ಲಿಯೂ ಅದೇ ಭಯ. ಬೆಳೆ ಎಷ್ಟು ಅಂತ ಹೇಳಿದರೆ ಗೇಣಿ ಏರಿಸುತ್ತಾರೆ, ತೆರಿಗೆ ಹಾಕುತ್ತಾರೆ ಅಂತ ರೈತರು ಬಾಯಿ ಬಿಡಲಿಲ್ಲ. ಕೆಲವು ಪಾದ್ರಿಗಳಿಗೆ ಸೋಮಾರಿತನ. ಕೆಲವರಿಗೆ ವಯಸ್ಸಾಗಿತ್ತು. ಕೆಲವರಿಗೆ ತಮ್ಮ ಊರಿನ ಜಮೀನ್ದಾರನ ಅಂಜಿಕೆ.

ಸಿಂಕ್ಲೇರ್ ಬಿಡುವ ಆಸಾಮಿ ಅಲ್ಲ. ಪತ್ರದ ಮೇಲೆ ಪತ್ರ ಬರೆದ. ಒಟ್ಟು ಇಪ್ಪತ್ತಕ್ಕೂ ಹೆಚ್ಚು ಸುತ್ತೋಲೆ. ಉತ್ತರಗಳನ್ನೆಲ್ಲ ಸೇರಿಸಿ ಅಚ್ಚು ಹಾಕುವ ಪುಸ್ತಕದಿಂದ ಬರುವ ಲಾಭ ಪಾದ್ರಿಗಳ ಮಕ್ಕಳಿಗಾಗಿ ಇದ್ದ ಸಹಾಯನಿಧಿಗೆ ಅಂತ ಘೋಷಿಸಿದ. ಆ ನಿಧಿಗೆ ರಾಜನಿಂದ 2,000 ಪೌಂಡ್ ಕೊಡಿಸಿದ. ಆದರೂ ಉತ್ತರ ಬಾರದ ಊರುಗಳಿಗೆ ತನ್ನ ಖರ್ಚಿನಲ್ಲಿ ಜನ ಕಳಿಸಿ ಬರೆಸಿಕೊಂಡ. ಮೊದಲ ಸಂಪುಟ 1791ರಲ್ಲಿ ಬಂತು, ಕೊನೆಯದು 1799ರಲ್ಲಿ. ಒಟ್ಟು 21 ಸಂಪುಟ. ಉತ್ತರಗಳು ಬಂದ ಹಾಗೆ ಹಾಗೇ ಅಚ್ಚು ಹಾಕಿದ್ದರಿಂದ ಪಕ್ಕಪಕ್ಕದ ಊರುಗಳು ಬೇರೆ ಬೇರೆ ಸಂಪುಟದಲ್ಲಿ ಸಿಗುತ್ತವೆ. ಅದೊಂದು ತಾಪತ್ರಯ. ಆದರೆ ನಾನಂತೂ ಒಂದು ಊರು ಹುಡುಕಲು ಹೋಗಿ ಹತ್ತು ಊರು ಓದಿದ್ದೇನೆ.

ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಡನ್ಸ್‌ಕೋರ್ ಎಂಬ ಪ್ಯಾರಿಷ್‌ನದು. ಅಲ್ಲಿನ ಪಾದ್ರಿ ಬರೆದ ವರದಿಯಲ್ಲಿ ಊರಿನ ಒಂದು ಪುಟ್ಟ ಲೈಬ್ರರಿಯ ಮಾತೇ ಇರಲಿಲ್ಲ. ರೈತರು ತಾವೇ ಚಂದಾ ಎತ್ತಿ ಪುಸ್ತಕ ತರಿಸಿಕೊಳ್ಳುತ್ತಿದ್ದ ಲೈಬ್ರರಿ ಅದು. ಅದನ್ನು ನಡೆಸಲು ನೆರವಾಗುತ್ತಿದ್ದ ಒಬ್ಬ ಒಕ್ಕಲಿಗೆ ಇದು ಸಹಿಸಲಿಲ್ಲ. ಅವನು ಸಿಂಕ್ಲೇರ್‌ಗೆ ಒಂದು ಪತ್ರ ಬರೆದು ಲೈಬ್ರರಿಯ ಕಥೆ ಹೇಳಿದ. ಕೆಳಗೆ 'ಒಬ್ಬ ರೈತ' ಅಂತ ರುಜು ಹಾಕಿದ. ಸಿಂಕ್ಲೇರ್ ಅದನ್ನು ಮೂರನೇ ಸಂಪುಟದಲ್ಲಿ ಅಚ್ಚು ಮಾಡಿದ. ಆ ಒಕ್ಕಲು ರಾಬರ್ಟ್ ಬರ್ನ್ಸ್, ಸ್ಕಾಟ್ಲೆಂಡಿನ ಕವಿ. ಇಡೀ ಗ್ರಂಥದಲ್ಲಿ ಪಾದ್ರಿಯ ಬಾಯಿ ದಾಟಿ ರೈತನ ದನಿಯೇ ಕೇಳುವ ಜಾಗ ಬಹಳ ಅಪರೂಪ. ಇದು ಅಂಥದೊಂದು.

ನಮ್ಮ ಕಡೆಯ ಒಂದು ನಂಟನ್ನು ಇಲ್ಲೇ ಹೇಳಿಬಿಡುತ್ತೇನೆ. ಸಿಂಕ್ಲೇರ್‌ನ ಕೊನೆಯ ಸಂಪುಟ ಬಂದ 1799ರಲ್ಲೇ ಶ್ರೀರಂಗಪಟ್ಟಣ ಬಿತ್ತು. ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ವೈದ್ಯನನ್ನು ಮೈಸೂರು ಸೀಮೆ ನೋಡಿ ಬರಲು ಕಳಿಸಿದ. ಫ್ರಾನ್ಸಿಸ್ ಬುಕಾನನ್. ಅವನೂ ಸ್ಕಾಟ್ಲೆಂಡಿನವನೇ, ಎಡಿನ್‌ಬರೋದಲ್ಲಿ ವೈದ್ಯ ಓದಿದವನು. ಎಲ್ಲಕ್ಕಿಂತ ಮೊದಲು ಬೇಸಾಯವನ್ನು ನೋಡು ಅಂತ ಅವನಿಗೆ ಅಪ್ಪಣೆ. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಊರೂರು ಸುತ್ತಿದ. ರಾಗಿಗೆ ಎಷ್ಟು ಸಲ ಉಳುತ್ತೀರಿ, ಬೀಜ ಎಷ್ಟು, ಬಂದದ್ದೆಷ್ಟು, ಕೂಲಿಯವನಿಗೆ ಏನು ಕೊಡುತ್ತೀರಿ ಅಂತ ಕೇಳಿ ಕೇಳಿ ಬರೆದ. ಮುತ್ತೋಡಿನ ಬಳೆ ಕುಲುಮೆಗಳ ಬಗ್ಗೆಯೂ ಬರೆದಿದ್ದಾನೆ. ಅದೇ ಹೊತ್ತಿಗೆ ಮೈಸೂರನ್ನು ಅಳೆಯುತ್ತಾ, ಕಾವಲಿ ಬೋರಯ್ಯ, ಲಕ್ಷ್ಮಯ್ಯ ಸೋದರರ ನೆರವಿನಿಂದ ಊರೂರ ಕೈಫಿಯತ್ತು (ಊರಿನ ಚರಿತ್ರೆಯ ಬರಹ), ಶಾಸನಗಳನ್ನು ಕೂಡಿಹಾಕುತ್ತಿದ್ದ ಕಾಲಿನ್ ಮೆಕೆಂಜಿಯೂ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಸಿಂಕ್ಲೇರ್‌ನ ಪಟ್ಟಿಯನ್ನೂ ಬುಕಾನನ್‌ನ ದಿನಚರಿಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಕೇಳುವ ರೀತಿಯಲ್ಲಿ ಅಣ್ಣತಮ್ಮಂದಿರ ಹೋಲಿಕೆ ಕಾಣುತ್ತದೆ. ಆದರೆ ಒಂದು ವ್ಯತ್ಯಾಸ ನನ್ನನ್ನು ಕಾಡುತ್ತದೆ. ನಮ್ಮ ಗೌಡರನ್ನೂ ಶಾನುಭೋಗರನ್ನೂ ವಿಚಾರಿಸಿದ್ದು ಆಗಷ್ಟೇ ನಮ್ಮನ್ನು ಗೆದ್ದ ಕಂಪನಿ. ಸಿಂಕ್ಲೇರ್ ಬೇಡ ಅಂತ ಬಿಟ್ಟಿದ್ದ ಆ ಹಳೆಯ ಜರ್ಮನ್ ಅರ್ಥವೇ, ರಾಜ್ಯದ ಬಲಾಬಲದ ಲೆಕ್ಕವೇ, ಇಲ್ಲಿ ವಾಪಸ್ ಬಂತು.

ಮತ್ತೆ ಸಿಂಕ್ಲೇರ್‌ಗೆ ಹೋಗೋಣ. 1793ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಶುರುವಾಗಿ ಬ್ಯಾಂಕುಗಳು ಮುಳುಗತೊಡಗಿದವು. ವ್ಯಾಪಾರಿಗಳಿಗೆ ಸರ್ಕಾರಿ ಬಾಂಡುಗಳ ಮೂಲಕ 50 ಲಕ್ಷ ಪೌಂಡ್ ಸಾಲ ಒದಗಿಸುವ ಉಪಾಯ ಹೇಳಿದ್ದು ಸಿಂಕ್ಲೇರ್. ಅದು ಫಲ ಕೊಟ್ಟಿತು. ಇದಕ್ಕೆ ಏನು ಬೇಕು ಅಂತ ಪ್ರಧಾನಿ ಪಿಟ್ ಕೇಳಿದಾಗ ಅವನು ತನಗಾಗಿ ಏನೂ ಕೇಳಲಿಲ್ಲ. ದೇಶಕ್ಕೊಂದು ಕೃಷಿ ಮಂಡಳಿ ಬೇಕು ಅಂದ. ಆರ್ಥರ್ ಯಂಗ್ ಅಂತ ಆ ಕಾಲದ ದೊಡ್ಡ ಕೃಷಿ ಬರಹಗಾರ ಇದ್ದ. ಇದು ಆಗುವ ಮಾತಲ್ಲ ಅಂತ ಅವನು ಪಂತ ಕಟ್ಟಿದ್ದ. ಪಣಕ್ಕೆ ಇಟ್ಟದ್ದು ತನ್ನ ಪತ್ರಿಕೆಯ ಸಂಪುಟಗಳು, ಸಿಂಕ್ಲೇರ್ ಕಡೆಯಿಂದ ಅವನ ಈ ಊರುಗಳ ಸಂಪುಟಗಳು. ಅದೇ ವರ್ಷ ಮಂಡಳಿ ಆಯಿತು. ಸಿಂಕ್ಲೇರ್ ಅಧ್ಯಕ್ಷ, ಪಂತ ಸೋತ ಯಂಗ್ ಕಾರ್ಯದರ್ಶಿ.

ಮಂಡಳಿ ಜಿಲ್ಲೆ ಜಿಲ್ಲೆಯ ಬೇಸಾಯದ ವರದಿ ಬರೆಸಿತು. ಅದರ ಒಂದು ಕ್ರಮ ನನಗೆ ತುಂಬಾ ಹಿಡಿಸಿತು. ಮೊದಲ ಕರಡನ್ನು ಪುಟದ ಅಂಚಿನಲ್ಲಿ ಅಗಲವಾದ ಖಾಲಿ ಜಾಗ ಬಿಟ್ಟು ಅಚ್ಚು ಹಾಕಿಸಿ, ಆ ಜಿಲ್ಲೆಯ ಬೇಸಾಯಗಾರರಿಗೇ ಕಳಿಸುತ್ತಿದ್ದರು. ತಪ್ಪಿದ್ದರೆ ನೀವೇ ಅಂಚಿನಲ್ಲಿ ಬರೆದು ಕಳಿಸಿ ಅಂತ. ತಿದ್ದಿದ ಮೇಲೆ ಮತ್ತೆ ಅಚ್ಚು. ಹಂಫ್ರಿ ಡೇವಿ ಎಂಬ ರಸಾಯನಶಾಸ್ತ್ರಜ್ಞನನ್ನು ಕರೆಸಿ ಮಣ್ಣು, ಗೊಬ್ಬರದ ಮೇಲೆ ವರ್ಷ ವರ್ಷ ಉಪನ್ಯಾಸ ಮಾಡಿಸಿದ್ದೂ ಈ ಮಂಡಳಿಯೇ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ಜೊತೆ ಸಿಂಕ್ಲೇರ್‌ಗೆ ಪತ್ರವ್ಯವಹಾರ ಇತ್ತು. ತನ್ನ ದೇಶಕ್ಕೂ ಇಂಥ ಮಂಡಳಿಗಳು ಬೇಕು ಅಂತ ವಾಷಿಂಗ್ಟನ್ 1796ರ ಭಾಷಣದಲ್ಲಿ ಕೇಳಿದ.

ತನ್ನ ಜಮೀನಿನಲ್ಲೂ ಸಿಂಕ್ಲೇರ್ ಕೈಕಟ್ಟಿ ಕೂರಲಿಲ್ಲ. ಹರಿದು ಹಂಚಿದ್ದ ಪಟ್ಟಿಗಳನ್ನು ಒಟ್ಟು ಮಾಡಿ ಬೇಲಿ ಹಾಕಿಸಿದ. ಜವುಗು ನೆಲದ ನೀರು ಬಸಿಯಲು ಕಾಲುವೆ ತೋಡಿಸಿದ. ಟರ್ನಿಪ್ ಗೆಡ್ಡೆ, ಕ್ಲೋವರ್ ಹುಲ್ಲು ತಂದ. ಟರ್ನಿಪ್ ಇದ್ದರೆ ಚಳಿಗಾಲಕ್ಕೆ ದನಕ್ಕೆ ಮೇವು ಉಂಟು. ದನ ಉಳಿದರೆ ಗೊಬ್ಬರ ಉಂಟು. ಕ್ಲೋವರ್ ನಮ್ಮ ಹುರುಳಿ, ಅವರೆಯ ಹಾಗೆ ಮಣ್ಣಿಗೆ ಸಾರ ಕೊಡುತ್ತದೆ. ಥರ್ಸೋದಲ್ಲಿ ಹೊಸ ಪಟ್ಟಣವನ್ನೂ, ಹತ್ತಿರದ ಹಾಲ್‌ಕರ್ಕ್ ಹಳ್ಳಿಯನ್ನೂ ಗೆರೆ ಎಳೆದ ಹಾಗೆ ನೇರ ಬೀದಿಗಳಲ್ಲಿ ಕಟ್ಟಿಸಿದ. ಅಬರ್ಡೀನಿನಲ್ಲಿರುವ ಮಗಳ ಮನೆಗೆ ಹೋದಾಗ ಅಲ್ಲಿಗೂ ಹೋಗಿ ಬಂದೆ. ಆ ಬೀದಿಗಳು ಈಗಲೂ ಅಚ್ಚುಕಟ್ಟಾಗಿವೆ. ಚೌಕದಲ್ಲಿ ಅವನ ಪ್ರತಿಮೆ ಇದೆ.

ಇನ್ನು ಕುರಿಯ ಕಥೆ. ಇದನ್ನು ಹೇಳದೆ ಸಿಂಕ್ಲೇರ್‌ನನ್ನು ಹೊಗಳಿ ಕೂರುವುದು ನನ್ನಿಂದ ಆಗದು.

1791ರಲ್ಲಿ ಅವನು ಬ್ರಿಟಿಷ್ ಉಣ್ಣೆ ಸಂಘ ಶುರು ಮಾಡಿದ. ಆ ಜುಲೈ 1ರಂದು ಎಡಿನ್‌ಬರೋ ಹತ್ತಿರದ ಕ್ವೀನ್ಸ್‌ಫೆರಿಯಲ್ಲಿ ಕುರಿ ಉಣ್ಣೆ ಕತ್ತರಿಸುವ ದೊಡ್ಡ ಜಾತ್ರೆಯನ್ನೇ ನಡೆಸಿದ. ಬೇರೆ ಬೇರೆ ದೇಶದ ಕುರಿ ತಂದು ನಿಲ್ಲಿಸಿದ್ದರು. ಉತ್ತರದ ಚಳಿಗೆ ಯಾವ ಕುರಿ ಒಗ್ಗುತ್ತದೆ ಅಂತ ಹುಡುಕಿ ಅವನು ಆರಿಸಿದ್ದು ದಕ್ಷಿಣದ ಗಡಿ ಗುಡ್ಡಗಳ ಚೀವಿಯಟ್ ತಳಿ. ಮಾಂಸವೂ ಜಾಸ್ತಿ, ಉಣ್ಣೆಯೂ ನಯ. 500 ಕುರಿಗಳನ್ನು ಕೇತ್ನೆಸ್‌ನ ತನ್ನ ಲ್ಯಾಂಗ್‌ವೆಲ್ ಜಮೀನಿಗೆ ತರಿಸಿದ. ಹಿಮದಲ್ಲಿ ಸಾಯುತ್ತವೆ ಅಂದರು ಜನ. ಸಾಯಲಿಲ್ಲ, ಹೆಚ್ಚಿದವು. ಇವತ್ತು ನಾರ್ತ್ ಕಂಟ್ರಿ ಚೀವಿಯಟ್ ಅಂತ ಕರೆಯುವ ತಳಿಯ ಬೇರು ಆ ಮಂದೆಯಲ್ಲೇ ಇದೆ.

ಆದರೆ ಲ್ಯಾಂಗ್‌ವೆಲ್ ಕಣಿವೆ ಖಾಲಿ ಇರಲಿಲ್ಲ. ಅಲ್ಲಿ ಜನ ಇದ್ದರು. ಹೊಳೆಯ ಪಕ್ಕ ಓಟ್ಸ್ ಬೆಳೆದು, ಬೇಸಿಗೆಯಲ್ಲಿ ದನಗಳನ್ನು ಗುಡ್ಡಕ್ಕೆ ಹೊಡೆದು ಬದುಕುತ್ತಿದ್ದವರು. ಚೀವಿಯಟ್ ಕುರಿಗೆ ಬೇಸಿಗೆಗೆ ಗುಡ್ಡ ಬೇಕು, ಚಳಿಗಾಲಕ್ಕೆ ತಗ್ಗಿನ ಬೆಚ್ಚನೆ ಹುಲ್ಲು ಬೇಕು. ಆ ತಗ್ಗಿನಲ್ಲೇ ಜನರ ಹೊಲ, ಮನೆ. 1792ರ ಆಸುಪಾಸಿನಲ್ಲಿ ಅವರನ್ನು ಎಬ್ಬಿಸಲು ಶುರು ಮಾಡಿದರು. ಕೆಲವು ಕುಟುಂಬಗಳಿಗೆ ಸಿಕ್ಕಿದ ಜಾಗ ಬ್ಯಾಡ್‌ಬೇ. ಸಮುದ್ರದ ಮೇಲೆ ಕಡಿದಾಗಿ ನಿಂತ ಬಂಡೆಯ ನೆತ್ತಿ.

ಅದೇ 1792ರಲ್ಲಿ ದಕ್ಷಿಣಕ್ಕಿರುವ ರಾಸ್ ಸೀಮೆಯ ಜನ ತಮ್ಮ ಊರುಗಳಿಗೆ ಬಂದ ಕುರಿಮಂದೆಗಳನ್ನೆಲ್ಲ ಒಟ್ಟುಗೂಡಿಸಿ ಹೊರಗೆ ಅಟ್ಟಲು ಹೊರಟರು. ಸೈನ್ಯ ಬಂದು ತಡೆಯಿತು. ಗೇಲಿಕ್ ಮಾತಾಡುವ ಜನ ಅದನ್ನು ಕುರಿಗಳ ವರ್ಷ ಅಂತಲೇ ಕರೆದರು.

ಸಿಂಕ್ಲೇರ್‌ಗೆ ಇದು ತಿಳಿಯದ್ದಲ್ಲ. 1795ರಲ್ಲಿ ಉತ್ತರದ ಜಿಲ್ಲೆಗಳ ಬೇಸಾಯದ ಮೇಲೆ ಅವನೇ ವರದಿ ಬರೆದ. ಅದರಲ್ಲಿ ಬೇರೆ ಜಮೀನ್ದಾರರ ರೀತಿಯನ್ನು ಕಟುವಾಗಿ ತೆಗಳಿದ್ದಾನೆ. ಮೊದಲು ಇರುವ ಜನರನ್ನೆಲ್ಲ ಓಡಿಸುತ್ತಾರೆ, ಆಮೇಲೆ ಒಬ್ಬ ಕುರುಬನನ್ನೂ ಕೆಲವು ನಾಯಿಗಳನ್ನೂ ತರುತ್ತಾರೆ, ಆಮೇಲೆ ಗುಡ್ಡದ ತುಂಬಾ ಒರಟು ಉಣ್ಣೆಯ ಕಾಡುಕುರಿ ಬಿಡುತ್ತಾರೆ ಅನ್ನುವ ಅರ್ಥದ ಮಾತು. ಹಾಗೆ ಮಾಡಬಾರದು, ಇರುವ ಒಕ್ಕಲುಗಳೇ ಸೇರಿ ಕುರಿ ಸಾಕಲಿ, ಎದ್ದವರಿಗೆ ತುಂಡು ನೆಲವೂ ಕೆಲಸವೂ ಸಿಗಲಿ ಅಂತ ಅವನ ವಾದ. ಬದಲಾವಣೆ ನಿಧಾನವಾಗಿ ಆಗಲಿ ಅಂತ. ಅವನು ಮನಸಾರೆ ಹೇಳಿದ ಅಂತಲೇ ನಾನು ನಂಬುತ್ತೇನೆ. ಆದರೂ ಬ್ಯಾಡ್‌ಬೇ ಜನ ಎದ್ದು ಬಂದದ್ದು ಅವನ ಜಮೀನಿನಿಂದಲೇ. ಅವನು ತೋರಿಸಿಕೊಟ್ಟ ಕುರಿ ಲಾಭದ್ದು ಅಂತ ಗೊತ್ತಾದ ಮೇಲೆ ಬೇರೆಯವರು ನಿಧಾನ ಮಾಡಲಿಲ್ಲ. ಅವನ ತಾಯಿಯ ತವರು ಸದರ್‌ಲ್ಯಾಂಡ್‌ನಲ್ಲಿ 1807ರಿಂದ 1821ರ ತನಕ ಸಾವಿರಾರು ಜನರನ್ನು ಕಣಿವೆಗಳಿಂದ ಎಬ್ಬಿಸಿದರು. ಮನೆಗಳ ಸೂರಿಗೆ ಬೆಂಕಿ ಹಚ್ಚಿದರು. ಆ ನೆಲದ ಮೇಲೆ ಮೇದದ್ದು ಚೀವಿಯಟ್.

166 ಪ್ರಶ್ನೆ ಕೇಳಿದವನು ಲ್ಯಾಂಗ್‌ವೆಲ್ ಜನರ ಮನೆ ಬಾಗಿಲಿಗೆ ಹೋಗಿ ನೀವು ಇಲ್ಲೇ ಇರುತ್ತೀರಾ ಅಂತ ಯಾಕೆ ಕೇಳಲಿಲ್ಲ? ನನಗೆ ತೋಚುವುದು ಇಷ್ಟು. ಅವನು ಜನರ ಬಗ್ಗೆ ಕೇಳಿದ, ಜನರನ್ನು ಕೇಳಲಿಲ್ಲ. ಉತ್ತರ ಪಾದ್ರಿಯಿಂದ ಬಂತು. ಅವರಿಗೆ ಯಾವುದು ಸುಖ ಅಂತ ತೀರ್ಮಾನಿಸುವ ಕೆಲಸವನ್ನು ಜಮೀನ್ದಾರ ತನ್ನ ಕೈಯಲ್ಲೇ ಇಟ್ಟುಕೊಂಡ. ಬೆನ್ ಚೀಲ್ಟ್ ಗುಡ್ಡದ ಮೇಲೆ ಆ ಬೆಳಗ್ಗೆ ಮಾಡಿದ ಹಾಗೆ.

ಕೊನೆಯ ವರ್ಷಗಳು ಸುಲಭದ್ದಾಗಿರಲಿಲ್ಲ. ಪ್ರಯೋಗ, ಪ್ರಕಟಣೆ, ಕಟ್ಟಡ ಎಲ್ಲಕ್ಕೂ ಸ್ವಂತ ಹಣ ಸುರಿದು ಸಾಲವಾಯಿತು. 1811ರಲ್ಲಿ ಪಾರ್ಲಿಮೆಂಟ್ ಬಿಟ್ಟು ಎಡಿನ್‌ಬರೋದಲ್ಲಿ ಅಬಕಾರಿ ಖಜಾಂಚಿಯ ಹುದ್ದೆ ಹಿಡಿದ. ಲ್ಯಾಂಗ್‌ವೆಲ್ ಮಾರಿದ. ಎರಡನೇ ಹೆಂಡತಿ ಡಯಾನಾಳಿಂದ 13 ಮಕ್ಕಳು. ಅವರಲ್ಲಿ ಮಗಳು ಕ್ಯಾಥರೀನ್ 14ನೇ ವಯಸ್ಸಿನಿಂದ ತಂದೆ ಹೇಳಿದ್ದನ್ನು ಬರೆದುಕೊಳ್ಳುತ್ತಾ ಕೂತಳು. 1835ರ ಡಿಸೆಂಬರ್ 21ರಂದು ತಂದೆ ತೀರುವ ತನಕ, ಇಪ್ಪತ್ತು ವರ್ಷಕ್ಕೂ ಮೇಲೆ. ಆಮೇಲೆ ಆಕೆ ಮಕ್ಕಳಿಗಾಗಿ ಕಥೆ ಬರೆದು ತನ್ನದೇ ಹೆಸರು ಮಾಡಿದಳು. ಎಡಿನ್‌ಬರೋದಲ್ಲಿ ಆಕೆಗೆ ಒಂದು ಸ್ಮಾರಕವಿದೆ.

ಥರ್ಸೋ ನೋಡಿ ವಾಪಸ್ ಬರುವಾಗ ಮಗಳಿಗೆ ಹೇಳಿ ಬ್ಯಾಡ್‌ಬೇ ಹತ್ತಿರ ಕಾರು ನಿಲ್ಲಿಸಿದೆ. ಹೆದ್ದಾರಿಯಿಂದ ಕಾಲುದಾರಿಯಲ್ಲಿ ಸ್ವಲ್ಪ ನಡೆಯಬೇಕು. ಮೊಣಕಾಲೆತ್ತರದ ಕಲ್ಲುಗೋಡೆಗಳು ಉಳಿದಿವೆ. ಅಲ್ಲಿಂದಾಚೆ ನೆಲ ಇಳಿಜಾರು, ಆಮೇಲೆ ಬಂಡೆಯ ಅಂಚು, ಕೆಳಗೆ ಸಮುದ್ರ. ಗಾಳಿಗೆ ನನಗೆ ಸರಿಯಾಗಿ ನಿಲ್ಲಲಾಗಲಿಲ್ಲ. ಅಲ್ಲಿದ್ದ ತಾಯಂದಿರು ಕೋಳಿ, ಕುರಿ, ದನ ಮಾತ್ರವಲ್ಲ, ಮಕ್ಕಳನ್ನೂ ಹಗ್ಗದಿಂದ ಕಟ್ಟಿಹಾಕುತ್ತಿದ್ದರಂತೆ, ಗಾಳಿಗೆ ಜಾರಿ ಬೀಳದಿರಲಿ ಅಂತ. ಗಂಡಸರು ಹೆರಿಂಗ್ ಮೀನು ಹಿಡಿಯಲು ಹೋಗುತ್ತಿದ್ದರು. ಆ ಮೀನು ಕಮ್ಮಿಯಾದಂತೆ ಒಬ್ಬೊಬ್ಬರೇ ಹೊರಟುಹೋದರು. ಕೊನೆಯವನು 1911ರಲ್ಲಿ ಬಿಟ್ಟ.

ಅಲ್ಲೊಂದು ಕಲ್ಲಿನ ಸ್ಮಾರಕ ಇದೆ. ಕಟ್ಟಿಸಿದವನು ನ್ಯೂಜಿಲೆಂಡಿನಲ್ಲಿದ್ದ ಡೇವಿಡ್ ಸದರ್‌ಲ್ಯಾಂಡ್. ಅವನ ತಂದೆ ಬ್ಯಾಡ್‌ಬೇಯಲ್ಲಿ ಹುಟ್ಟಿ 1839ರಲ್ಲಿ ಆ ದೂರದ ದೇಶಕ್ಕೆ ಹಡಗು ಹತ್ತಿದವನು. ಸ್ಮಾರಕದ ಮೇಲೆ ಅಲ್ಲಿ ಬಾಳಿದವರ ಹೆಸರು ಕೆತ್ತಿದ್ದಾರೆ. ಜನಗಣತಿಯಲ್ಲಿ ಬರೆದುಕೊಂಡಾದ ಮೇಲೆ, ಸರಿ ಇದೆಯಾ ನೋಡಿ ಅಂತ ಮನೆಯವರಿಗೆ ಒಮ್ಮೆ ಓದಿ ಹೇಳುತ್ತಿದ್ದೆ. ಅದೇ ರೂಢಿಯಲ್ಲಿ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದೆ. ಗಾಳಿ ಜೋರಾಗಿತ್ತು. ಪಕ್ಕದಲ್ಲೇ ನಿಂತಿದ್ದ ಮಗಳಿಗೂ ಕೇಳಿಸಲಿಲ್ಲವಂತೆ.